ನನಗೆ ‘ತಾಮ್ರದಾಕಿ’ ಎಂಬ ಹೆಸರು ಬಂದದ್ದು

ನಮ್ಮ ಓಣಿಯಲ್ಲಿ ನನಗೊಂದು ಅಡ್ಡಹೆಸರಿದೆ: ತಾಮ್ರದಾಕಿ. ಕೊಡ ಹಿಡಿದು ನಳದ ಹತ್ತಿರ ಹೋದರೆ ಸಾಕು, “ಸರದ ನಿಂದರ್ರೆವಾ, ತಾಮ್ರದಾಕಿ ಬಂದ್ಳು” ಎಂದು ಯಾರಾದರೂ ಒಬ್ಬರು ಅಂದೇ ಅನ್ನುತ್ತಾರೆ. ಮೊದಮೊದಲು ಕಿವಿ ಬಿಸಿಯಾಗುತ್ತಿತ್ತು. ಈಗ ಕೊಡ ಕೆಳಗಿಟ್ಟು, “ಹೌದವಾ, ಬಂದೆ. ಯಾರಿಗೆ ಏನು ಕೇಳೂದೈತಿ ಕೇಳ್ರಿ” ಅನ್ನುತ್ತೇನೆ. ಅಲ್ಲಿ ಯಾರೂ ಕೇಳುವುದಿಲ್ಲ, ನಗುತ್ತಾರೆ. ಕೇಳಬೇಕಾದವರು ಮಧ್ಯಾಹ್ನ ಗಂಡಸರು ಹೊಲಕ್ಕೆ ಹೋದ ಹೊತ್ತಿನಲ್ಲಿ ಒಂದು ಬಟ್ಟಲು ಸಕ್ಕರೆಯ ನೆವ ಮಾಡಿಕೊಂಡು ನಮ್ಮ ಹಿತ್ತಲಿಗೆ ಬರುತ್ತಾರೆ. ಹೆಸರು ಇಟ್ಟವರು ಚುಚ್ಚಬೇಕೆಂದೇ ಇಟ್ಟದ್ದು. ನಾನು ಅದನ್ನು ಬೋರಮಾಳ ಸರದ ಹಾಗೆ ಕೊರಳಿಗೆ ಹಾಕಿಕೊಂಡು ತಿರುಗುತ್ತೇನೆ. ಅದು ಹೇಗೆ ಬಂತು ಎಂಬುದನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರು ಹೇಳುವಾಗ ಉಪ್ಪು ಖಾರ ಹೆಚ್ಚಾಗುತ್ತದೆ.

ನನ್ನ ತವರು ಮಿಶ್ರಿಕೋಟಿಯ ಕಡೆ. ಅಲ್ಲಿ ಗದ್ದೆ, ಕೆರೆ, ಒಂದಿಷ್ಟು ಹಸಿರು. ಕೊಟ್ಟದ್ದು ಶಲವಡಿಯ ಹತ್ತಿರದ ಎರೆ ಸೀಮೆಗೆ. ಹೆಸರು, ಹತ್ತಿ, ಕಡಲೆ ಬೆಳೆಯುವ ಕರಿ ನೆಲ. ಮಳೆ ಬಂದರೆ ಕಾಲು ಕೀಳಲು ಬಾರದು. ನಮ್ಮದು ಕುರಿ ಸಾಕಿದ ಮನೆತನ. ಈಗ ಹಿಂಡು ಇಲ್ಲ, ಹಿತ್ತಲಲ್ಲಿ ಕೆಲವು ಕುರಿಗಳಿವೆ, ಅವು ಅತ್ತೆಯ ಜೀವ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು. ಭಾವ ಮತ್ತು ನೆಗೆಣ್ಣಿ ಬೇರೆಯಾಗಿ ಬಾಜೂ ಮನೆಯಲ್ಲೇ ಇದ್ದಾರೆ. ಬೇರೆ ಅಂದರೆ ಒಲೆ ಬೇರೆ, ಅಷ್ಟೆ. ನಡುವಿನ ಗೋಡೆಯ ಮೇಲಿಂದ ಮಾತು, ಪಲ್ಯ, ಜಗಳ ಎಲ್ಲ ಆಚೀಚೆ ಹೋಗುತ್ತವೆ.

ಮೊದಲ ಹೆರಿಗೆ ಪದ್ಧತಿಯಂತೆ ತವರಿನಲ್ಲಿ ಆಯಿತು. ಹೆಣ್ಣು ಮಗು. ಹುಟ್ಟಿದ ಕೂಡಲೇ ಅತ್ತಿತು, ದೇವರು ದೊಡ್ಡವನು. ಆದರೆ ನನಗೆ ರಕ್ತ ಹೋಗತೊಡಗಿದ್ದು ನಿಲ್ಲಲಿಲ್ಲ. ಕಣ್ಣ ಮುಂದೆ ಡಾಕ್ಟರಬಾಯಿಯ ಮುಖ ಒಮ್ಮೆ ದೊಡ್ಡದಾಗುತ್ತಿತ್ತು, ಒಮ್ಮೆ ಸಣ್ಣದಾಗುತ್ತಿತ್ತು. ನನ್ನ ಗುಂಪಿನ ರಕ್ತ ಆ ಹೊತ್ತಿಗೆ ಸಿಕ್ಕಿತು, ಅದೂ ಅವನ ಕೃಪೆಯೇ. ಬಾಟಲಿ ಏರಿಸಿದರು. ಬದುಕಿದೆ. ಮನೆಗೆ ಕಳಿಸುವ ದಿನ ಡಾಕ್ಟರಬಾಯಿ ನನ್ನನ್ನೂ ಅವ್ವನನ್ನೂ ಮುಂದೆ ಕೂರಿಸಿಕೊಂಡು ಹೇಳಿದರು: “ನೋಡವಾ, ಮೂರು ವರ್ಷ ಇನ್ನೊಂದು ಬ್ಯಾಡ. ಈ ಮೈ ಇಷ್ಟರಾಗ ಮತ್ತೊಂದು ಹೆರಿಗಿ ತಡಕೊಳ್ಳೂದಿಲ್ಲ. ಮಗಳನ್ನ ತಾಯಿಲ್ಲದ ಕೂಸು ಮಾಡಬ್ಯಾಡ.” ಆಪರೇಶನ್ ಅಲ್ಲ, ಕಾಪರ್ಟಿ ಎಂದು ಒಂದಿದೆ, ಗರ್ಭಚೀಲದಲ್ಲಿ ಇಡುತ್ತಾರೆ, ವರ್ಷಗಟ್ಟಲೆ ಇರುತ್ತದೆ, ಬೇಡವಾದ ದಿನ ತೆಗೆಸಬಹುದು, ತೆಗೆಸಿದ ಮೇಲೆ ಮತ್ತೆ ಬಸುರಾಗಬಹುದು ಎಂದೂ ಅವರೇ ತಿಳಿಸಿದರು. “ಮೊದಲು ರಕ್ತ ಏರಲಿ, ಗುಳಿಗಿ ನುಂಗು, ಆಮ್ಯಾಲೆ ಹಾಕಿಸ್ಕೊ” ಎಂದರು.

ಅವ್ವ ದಾರಿಯುದ್ದಕ್ಕೂ ಒಂದೇ ಮಾತು: “ನಿಮ್ಮತ್ತಿ ಒಪ್ಪಬೇಕಲ್ಲವಾ.”

ಐದನೆಯ ತಿಂಗಳಲ್ಲಿ ಮಗಳೊಂದಿಗೆ, ತೊಟ್ಟಿಲೊಂದಿಗೆ ಗಂಡನ ಮನೆಗೆ ಬಂದೆ. ಬಂದ ವಾರವೇ ಗಂಡನಿಗೆ ಎಲ್ಲ ಹೇಳಿದೆ. ಅವರು ಒಳ್ಳೆಯವರು. ದವಾಖಾನೆಯಲ್ಲಿ ನನ್ನ ಮಂಚದ ಕಾಲು ಹಿಡಿದುಕೊಂಡು ನಿಂತಿದ್ದವರು. “ಡಾಕ್ಟರ್ ಹೇಳ್ಯಾರಂದ ಮ್ಯಾಲ ಮುಗೀತು. ಹಾಕಿಸ್ಕೊ” ಎಂದರು. ಆಮೇಲೆ ಟೊಪ್ಪಿಗೆ ತಲೆಗೇರಿಸಿ ಹೊರಡುವಾಗ ಬಾಗಿಲಲ್ಲಿ ನಿಂತು, “ಅವ್ವಗ ಮಾತ್ರ ನೀನ ಹೇಳು” ಎಂದು ಹೇಳಿ ಹೊಲದ ದಾರಿ ಹಿಡಿದರು.

ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಅವರು ರೊಟ್ಟಿ ಬಡಿಯುವಾಗ ಮಾತಾಡಿಸಬಾರದು ಎಂಬುದು ನನಗೆ ಗೊತ್ತಿತ್ತು. ಆದರೆ ಬೇರೆ ಹೊತ್ತಿನಲ್ಲಿ ಅವರು ಒಂದು ಕಡೆ ಕೂಡುವವರೇ ಅಲ್ಲ.

“ಅತ್ತಿ, ಡಾಕ್ಟರಬಾಯಿ ಮೂರು ವರ್ಷ ಇನ್ನೊಂದು ಕೂಸು ಬ್ಯಾಡ ಅಂದಾರ್ರಿ. ನಾ ಕಾಪರ್ಟಿ ಹಾಕಿಸ್ಕೊಳ್ಳಾಕ ಹೊಂಟೀನ್ರಿ.”

“ಏನದು?”

“ಸಣ್ಣದೊಂದು ಇರ್ತೈತ್ರಿ, ಪ್ಲಾಸ್ಟಿಕ್ಕಿಂದು. ಅದಕ್ಕ ತಾಮ್ರದ ತಂತಿ ಸುತ್ತಿರ್ತಾರ. ಒಳಗ ಇಟ್ರ ಬಸರ ನಿಂದರೂದಿಲ್ಲ.”

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. “ತಾಮ್ರ?”

“ಹೌದ್ರಿ.”

“ಖರೇ ತಾಮ್ರ?”

“ಖರೇ ತಾಮ್ರರಿ.”

ಅವರು ರೊಟ್ಟಿಯನ್ನು ಹಂಚಿಗೆ ಹಾಕಿದರು, ಮೇಲೆ ನೀರು ಸವರಿದರು, ತಿರುವಿದರು. ಆಮೇಲೆ ನನ್ನ ಕಡೆ ನೋಡದೆಯೇ, “ನನ್ನ ಕೇಳಾಕತ್ತೀಯೋ, ಹೇಳಾಕತ್ತೀಯೋ?” ಎಂದರು.

“ಹೇಳಾಕತ್ತೀನ್ರಿ” ಎಂದೆ.

ಅವರು ಇನ್ನೊಂದು ಹಿಟ್ಟಿನ ಉಂಡೆ ಹಿಡಿದು ಬಡಿಯತೊಡಗಿದರು. ಬೈದಿದ್ದರೆ ಬೇಕಾಗಿತ್ತು.

ದೇವರ ವಿಷಯ ನನ್ನ ಮನಸ್ಸಿನಲ್ಲಿ ಬಂದೇ ಇರಲಿಲ್ಲ ಎಂದಲ್ಲ. ನಾನು ಸೋಮವಾರ ಒಂದು ಹೊತ್ತು ಉಣ್ಣುವವಳು, ದೀಪ ಹಚ್ಚದೆ ನೀರು ಬಾಯಿಗೆ ಹಾಕುವವಳಲ್ಲ. ಅವನು ಕೊಡುವುದನ್ನು ನಾನು ಬೇಡ ಅನ್ನುವುದೇ ಎಂದು ಕಸಿವಿಸಿಯಾಯಿತು. ಗುಡಿಗೆ ಹೋಗಿ ಹೂ ಇಟ್ಟು ಅಪ್ಪಣೆ ಕೇಳು, ಬಲಕ್ಕೆ ಬಿದ್ದರೆ ಹಾಕಿಸಿಕೋ ಎಂದು ನೆಗೆಣ್ಣಿ ಹೇಳಿದಳು. ನಾನು ಕೇಳಲಿಲ್ಲ. ನಮ್ಮ ಮನೆದೇವರು ಬೀರಪ್ಪ ಕುರಿ ಕಾಯ್ದವನು. ಸೋತ ತಾಯಿಕುರಿಯನ್ನು ಕಂಡರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿಲ್ಲವೇ? ಅವನು ಹೇಳಬೇಕಾದದ್ದನ್ನು ಡಾಕ್ಟರಬಾಯಿಯ ಬಾಯಿಂದ ಹೇಳಿಸಿ ಆಗಿತ್ತು. ಎರಡನೆಯ ಸಲ ಕೇಳಿ ಅವನನ್ನು ಯಾಕೆ ದಣಿಸಬೇಕು ಎಂದುಕೊಂಡೆ.

ಗುಳಿಗೆ ನುಂಗಿ ರಕ್ತ ಒಂದು ಹದಕ್ಕೆ ಬಂದ ಮೇಲೆ ಗಂಡನ ಗಾಡಿಯ ಹಿಂದೆ ಕುಳಿತು ಸರ್ಕಾರಿ ದವಾಖಾನೆಗೆ ಹೋದೆ. ನರ್ಸಬಾಯಿ ನನಗಿಂತ ಸಣ್ಣವಳಂತೆ ಕಾಣುವ ಹುಡುಗಿ. ಮೊದಲು ಆ ವಸ್ತುವನ್ನು ಕೈಯಲ್ಲಿ ಹಿಡಿದು ತೋರಿಸಿದಳು. ಇಷ್ಟೇನಾ ಎನಿಸಿತು. ಇದಕ್ಕೆ ಇಷ್ಟು ದೊಡ್ಡ ಮಾತೇ? ಹಾಕುವಾಗ ಕಿಬ್ಬೊಟ್ಟೆಯಲ್ಲಿ ಹಿಂಡಿದ ಹಾಗಾಯಿತು. ಬೀರಪ್ಪಾ ಎಂದೆ, ಮತ್ತೊಮ್ಮೆ ಅನ್ನುವುದರೊಳಗೆ ಮುಗಿದಿತ್ತು. “ಮೊದಲ ನಾಕಾರು ತಿಂಗಳ ಮುಟ್ಟು ಜಾಸ್ತಿ ಹೋಗಬಹುದು, ಹೆದರಬ್ಯಾಡ್ರಿ, ಕಡಿಮಿ ಆಗ್ತೈತಿ. ತಡಕೊಳ್ಳಾಕ ಆಗ್ಲಿಲ್ಲಂದ್ರ ಬರ್ರಿ” ಎಂದು ಹೇಳಿ ಕಳಿಸಿದಳು.

ಅವಳು ಹೇಳಿದ ಹಾಗೆಯೇ ಆಯಿತು. ಮುಟ್ಟು ಮೊದಲಿಗಿಂತ ಹೆಚ್ಚು ದಿನ ಇರತೊಡಗಿತು. ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ದೇವರ ಜಗಲಿಯ ಹತ್ತಿರ ಹೋಗುವಂತಿಲ್ಲ, ಒಲೆಯನ್ನೂ ಮುಟ್ಟುವಂತಿಲ್ಲ. ಹೀಗಾಗಿ ಅಡುಗೆಯ ಭಾರ ಅತ್ತೆಯ ಮೇಲೆ ಬಿತ್ತು. ನನಗೆ ದೀಪ ತಪ್ಪಿತು. ಮೈಗೆ ಆದ ತ್ರಾಸು ತಡೆದುಕೊಂಡೆ, ದೀಪ ತಪ್ಪಿದ್ದು ಮಾತ್ರ ಬಹಳ ನೋಯಿಸಿತು.

ಅದರ ಜೊತೆಗೆ ಇನ್ನೊಂದು. ಅತ್ತೆ ನನಗೆ ಮಜ್ಜಿಗೆ ಕೊಡುವುದನ್ನು ನಿಲ್ಲಿಸಿದರು. ನಮ್ಮ ಕಡೆ ರೊಟ್ಟಿ ಉಂಡ ಮೇಲೆ ಮಜ್ಜಿಗೆ ಇಲ್ಲದಿದ್ದರೆ ಊಟ ಮುಗಿದ ಲೆಕ್ಕವಲ್ಲ. ಗಂಡನ ತಾಟಿಗೆ ಸುರಿಯುತ್ತಿದ್ದರು, ತಾವೂ ಕುಡಿಯುತ್ತಿದ್ದರು, ನನ್ನ ಹತ್ತಿರ ಬಂದಾಗ ತಂಬಿಗೆ ಹಿಂದಕ್ಕೆ ಹೋಗುತ್ತಿತ್ತು. ನನ್ನ ಪಾಲಿನ ಸಾರನ್ನು ಬೇರೆ ಬೋಗುಣಿಯಲ್ಲಿ ಎತ್ತಿಡುತ್ತಿದ್ದರು. ಅದಕ್ಕೆ ಹುಳಿ ಇಲ್ಲ, ರುಚಿ ಇಲ್ಲ. ಉಪ್ಪಿನಕಾಯಿಯ ಭರಣಿ ನನ್ನ ಕೈಗೆ ಸಿಗದ ಮಾಡಿನ ಮೇಲಕ್ಕೆ ಏರಿತು. ಮುಟ್ಟು ಇಲ್ಲದ ದಿನಗಳಲ್ಲಿ ನಾನೇ ಅಡುಗೆ ಮಾಡಿದರೂ ಹುಣಸೆಹಣ್ಣು ಹಾಕುವ ಹೊತ್ತಿಗೆ ಅತ್ತೆ ಬಂದು ನಿಲ್ಲುವರು, ನನ್ನ ಪಾಲು ಮೊದಲು ಎತ್ತಿಟ್ಟು ಆಮೇಲೆ ಹುಳಿ ಹಿಂಡುವರು. ಒಂದು ಮಾತಿಲ್ಲ. ಬೇರೆ ಬೋಗುಣಿಯಲ್ಲಿ ಎತ್ತಿಟ್ಟು ಕೊಡುವುದು ಯಾರಿಗೆ ಎಂಬುದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನನ್ನು ಮನೆಯೊಳಗಿದ್ದೂ ಹೊರಗಿಟ್ಟರು ಎಂದೇ ತಿಳಿದೆ.

ನೆಗೆಣ್ಣಿ ಗೋಡೆಯ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದಳು. “ಅತ್ತಿ ನಿನಗ ಮಜ್ಜಿಗಿ ಸುದ್ದಾ ಹಾಕವಲ್ರು. ದೇವರ ದೀಪ ಹಚ್ಚಾಕ ಆಗವಲ್ದು. ಇದು ಆತನ ಸಿಟ್ಟು ಅಲ್ಲದ ಮತ್ತೇನು? ಸುಮ್ನ ತೆಗೆಸಿಬಿಡಬೇ. ಎಲ್ಲಾರೂ ಹಡ್ಯೂದಿಲ್ಲೇನು? ನೀ ಒಬ್ಬಾಕಿ ಏನ್ ಗಾಜಿಂದು?”

ಗಂಡನೂ ಸಡಿಲಾದರು. “ನಿನ್ನ ಮುಖ ನೋಡಾಕ ಆಗವಲ್ದು. ತೆಗೆಸೂಣೇನು?” ಎಂದು ಕೇಳಿದರು. ನಾನು ಮಗಳಿಗೆ ಹಾಲೂಡುತ್ತ ಡಾಕ್ಟರಬಾಯಿಯ ಮಾತನ್ನು ನೆನೆಸಿಕೊಳ್ಳುತ್ತಿದ್ದೆ. ತೆಗೆಸಿದರೆ ವರ್ಷ ತಿರುಗುವುದರೊಳಗೆ ಮತ್ತೆ ಬಸುರಿ. ಆಗ ರಕ್ತ ಸಿಕ್ಕೀತೋ ಇಲ್ಲವೋ ಯಾರು ಬಲ್ಲರು. ಇಟ್ಟುಕೊಂಡರೆ ಈ ಮನೆಯಲ್ಲಿ ನಾನು ಹೀಗೆ ಬೇರೆ ಬೋಗುಣಿಯವಳು. ರಕ್ತ ಹೋಗುವುದು ಆ ಹೊತ್ತಿಗೆ ಸ್ವಲ್ಪ ಕಡಿಮೆಯಾಗತೊಡಗಿತ್ತು ನಿಜ. ಆದರೆ ಮನಸ್ಸು ಸೋತಿತ್ತು. ಒಂದು ಮುಂಜಾನೆ ಗಂಡನಿಗೆ, “ಆತು. ನಾಳೆ ದವಾಖಾನಿಗೆ ಹೋಗೂಣು. ತೆಗೆಸಿಬಿಡ್ತೀನಿ” ಎಂದುಬಿಟ್ಟೆ.

ಅವತ್ತೇ ಓಣಿಯ ತುದಿಯ ಮನೆಯ ಸೊಸೆಯ ಕುಬುಸ ಇತ್ತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಬಯಕೆಯ ಅಡುಗೆ ಮಾಡಿ ಓಣಿಯ ಹೆಣ್ಣುಮಕ್ಕಳಿಗೆಲ್ಲ ಉಣಿಸುವ ಕಾರ್ಯ. ಬಸುರಿಯ ತವರಿನವರು ಬುಟ್ಟಿಗಟ್ಟಲೆ ಬುತ್ತಿ ತಂದಿದ್ದರು. ಹೆಣ್ಣುಮಕ್ಕಳೆಲ್ಲ ಪಡಸಾಲೆಯಲ್ಲಿ ಎದುರುಬದುರು ಸಾಲಾಗಿ ಕುಳಿತೆವು. ಅತ್ತೆ ನನ್ನ ಎದುರಿನ ಸಾಲಿನಲ್ಲಿ, ನೆಗೆಣ್ಣಿ ನನ್ನ ಮಗ್ಗುಲಲ್ಲಿ. ಹೋಳಿಗೆ ಬಂತು, ಎಣಗಾಯಿ ಬಂತು. ಆಮೇಲೆ ಪುಂಡಿಪಲ್ಯ ಬಂತು. ಹುಳಿಹುಳಿಯಾದ ಪುಂಡಿಸೊಪ್ಪು, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ. ಅದರ ಹಿಂದೆಯೇ ಹುಣಸೆಯ ಹುಳಿಬುತ್ತಿ. ಎಷ್ಟೋ ತಿಂಗಳು ಸಪ್ಪಗೆ ಉಂಡ ಬಾಯಿ ನೀರಾಗಿಹೋಯಿತು. ಇಲ್ಲಿ ನನ್ನ ಬೋಗುಣಿ ಯಾರು ಬೇರೆ ಮಾಡುತ್ತಾರೆ ಎಂದುಕೊಂಡು ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಹಚ್ಚಿದೆ.

“ಏ! ತಿನ್ನಬ್ಯಾಡ!”

ಅತ್ತೆ. ಕೂತಲ್ಲಿಂದ ಎದ್ದು, ಊಟದ ಸಾಲು ದಾಟಿ, ಎಂಜಲಗೈಯಲ್ಲೇ ಬಂದು ನನ್ನ ಎಲೆಯ ಮೇಲಿನ ಪಲ್ಯವನ್ನೂ ಬುತ್ತಿಯನ್ನೂ ಬಳಿದು ನೆಗೆಣ್ಣಿಯ ಎಲೆಗೆ ಹಾಕಿಬಿಟ್ಟರು.

“ಆಕಿಗೆ ಹುಳಿ ಹಾಕಬ್ಯಾಡ್ರೆವಾ! ಯಾರೂ ಹಾಕಬ್ಯಾಡ್ರಿ!”

ಹಾಡುತ್ತಿದ್ದವರೂ ನಿಲ್ಲಿಸಿದರು. ಬಡಿಸುವವಳು ಸೌಟು ಹಿಡಿದು ನಿಂತೇ ಇದ್ದಳು. “ಯಾಕ್ರಿ ಎಮ್ಮಾ, ಏನಾತ್ರಿ?”

“ಏನಾತಂದ್ರ? ಆಕಿ ಹೊಟ್ಟ್ಯಾಗ ತಾಮ್ರ ಐತಿ! ತಾಮ್ರದ ಮ್ಯಾಲ ಹುಳಿ ಬಿದ್ರ ಕಿಲುಬು ಹಿಡಿಯೂದಿಲ್ಲೇನು? ತಾಮ್ರದ ಹಂಡೇದಾಗ ಯಾರರ ಮಜ್ಜಿಗಿ ಹಾಕ್ತಾರೇನು? ನಾ ಇಷ್ಟು ತಿಂಗಳ ಹುಣಸಿಹಣ್ಣಿನ ನೆರಳ ಬೀಳದಂಗ ಕಾಯ್ದೀನಿ ಆಕೀನ್ನ. ಮಜ್ಜಿಗಿ ಮುಟ್ಟಿಸಿಲ್ಲ. ಇವತ್ತ ನಿಮ್ಮನಿ ಪುಂಡಿಪಲ್ಯ ತಿಂದು ಕಿಲುಬು ಏರಿ ಸಾಯ್ಲೇನು ನನ್ನ ಸೊಸಿ?”

ಮೂಲೆಯಲ್ಲಿ ಕುಳಿತಿದ್ದ ಒಬ್ಬ ಮುದುಕಿ, “ಹಂಗಾದ್ರ ಕಲಾಯಿ ಮಾಡಿಸವಾ ನಿನ್ನ ಸೊಸಿಗೆ!” ಎಂದಳು. ಅಷ್ಟೇ ಸಾಕಾಯಿತು. ಹೆಣ್ಣುಮಕ್ಕಳು ಬಿದ್ದುಬಿದ್ದು ನಕ್ಕರು. ಬಸುರಿಯಂತೂ ಹೊಟ್ಟೆ ಹಿಡಿದುಕೊಂಡು, “ಸಾಕ್ರೆವಾ, ಇಲ್ಲೇ ಹಡೀತೀನಿ” ಎಂದಳು. ನೆಗೆಣ್ಣಿ ನನ್ನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ, “ಏನಬೇ ತಾಮ್ರದಾಕಿ, ಹೋಳಿಗಿ ತಿನ್ನಬಹುದೋ, ಅದಕ್ಕೂ ಕಿಲುಬು ಹಿಡಿತೈತೋ?” ಎಂದಳು. ಹೆಸರು ಅಲ್ಲಿಂದ ಅಂಟಿತು.

ನನಗೆ ನಗುವೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಬೋಗುಣಿಯದೊಂದೇ ಕಣ್ಣ ಮುಂದೆ. ನನ್ನನ್ನು ಹೊರಗಿಟ್ಟದ್ದಲ್ಲ ಅದು. ನನ್ನ ಒಳಗಿನ ಆ ಸಣ್ಣ ತಂತಿಯನ್ನು ಈ ಹೆಂಗಸು ದೇವರ ಸಾಮಾನಿನ ಹಾಗೆ ಹುಳಿ ತಾಗದಂತೆ ಕಾಯುತ್ತಿದ್ದಳು.

ಮುದುಕಿ ಬಿಡಲಿಲ್ಲ. “ನಗೀ ಮಾತು ಇರ್ಲಿ. ಮೊಮ್ಮಗ ಬ್ಯಾಡೇನ ನಿನಗ? ಸೊಸಿ ಹಿಂಗ ಬೀಗ ಹಾಕ್ಕೊಂಡು ಕುಂತ್ರ ನೀ ಸುಮ್ನ ಅದೀಯಲ್ಲ?”

ಅತ್ತೆ ಎದ್ದು ನಿಂತೇ ಇದ್ದರು. ಎಂಜಲಗೈಯನ್ನು ಸೊಂಟಕ್ಕೆ ತಾಗದಂತೆ ದೂರ ಹಿಡಿದುಕೊಂಡು ಹೇಳಿದರು: “ನಾ ಹಡದದ್ದು ಏಳು. ಉಳದದ್ದು ಮೂರು. ಕೂಸು ಮೊಲಿ ಬಿಡೂದ್ರಾಗ ಮತ್ತೊಂದು. ಹೊಟ್ಟಿ ಹಗುರ ಇದ್ದ ಒಂದು ಸುಗ್ಗಿ ನನಗ ನೆನಪಿಲ್ಲ. ಹಿಂಡಿನಾಗ ಕುರಿ ಸೋತ್ರ ಟಗರು ಬ್ಯಾರೆ ಕಟ್ತೀವಿ. ನನಗ ಯಾರು ಕಟ್ಟಿದ್ರು?”

ಕೆಲವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ವಯಸ್ಸಾದವರು ನಗಲಿಲ್ಲ. ಎಲೆ ನೋಡುತ್ತ ಕುಳಿತರು. ಅತ್ತೆ ತಮ್ಮ ಜಾಗಕ್ಕೆ ಹೋಗಿ ಕುಳಿತು, ಏನೂ ಆಗದವರಂತೆ ಹೋಳಿಗೆಗೆ ತುಪ್ಪ ಕೇಳಿದರು.

ಮನೆಗೆ ಬರುವಾಗ ದಾರಿಯಲ್ಲಿ ಕೇಳಿದೆ. “ನನಗ ಯಾಕ ಹೇಳ್ಲಿಲ್ರಿ ಅತ್ತಿ? ನೀವು ನನ್ನ ಮ್ಯಾಲ ಸಿಟ್ಟಾಗೀರಿ ಅಂದ್ಕೊಂಡಿದ್ದೆ.”

“ಹೇಳಿದ್ರ ಕಿಲುಬಿಗೆ ಹೆದರಿ ತೆಗೆಸಿಬಿಡ್ತಿದ್ದಿ. ತೆಗೆಸಿದ್ರ ಮತ್ತ ಬಸರ. ನಿಮ್ಮವ್ವ ಫೋನ್‌ನ್ಯಾಗ ಅತಗೋತ ಎಲ್ಲಾ ಹೇಳ್ಯಾಳ ನನಗ. ಬಾಟ್ಲಿ ಹಚ್ಚಿದ್ದು, ನಿನ್ನ ಕಣ್ಣ ತೇಲಿದ್ದು, ಎಲ್ಲಾ.” ಸ್ವಲ್ಪ ದೂರ ನಡೆದು ಮತ್ತೆ ಅವರೇ ಅಂದರು: “ದೀಪ ತಪ್ಪಿತು ಅಂತ ಅಳ್ತಿದ್ದೆಲ್ಲ? ತಪ್ಪಿಲ್ಲ. ನೀ ಮುಟ್ಟಾಗಿ ಕಡಿಗೆ ಕುಂತ ದಿನ ನಿನ್ನ ಹೆಸರು ಹೇಳಿ ನಾ ಹಚ್ಚೀನಿ.”

ನಾನು ಮಗಳನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡೆ.

ಮರುದಿನ ಮುಂಜಾನೆ ಗಂಡ ಗಾಡಿ ಒರೆಸಿ ನಿಲ್ಲಿಸಿದ್ದರು. “ಹೋಗೂಣು. ಆದ್ರ ತೆಗೆಸಾಕಲ್ಲ. ಅತ್ತಿನ್ನೂ ಕರಕೊಂಡು ಹೋಗೂಣು. ಅವರಿಗೆ ಕೇಳೂದೈತಂತ” ಎಂದೆ. ಗಾಡಿ ಮತ್ತೆ ಒಳಗೆ ಹೋಯಿತು. ಅತ್ತೆ, ನಾನು, ಮಗಳು ಬಸ್ಸಿಗೆ ಹೋದೆವು. ಅತ್ತೆ ಇಳಕಲ್ ಸೀರೆ ಉಟ್ಟು, ಲಗ್ನಕ್ಕೆ ಹೊರಟವರ ಹಾಗೆ ಕುಳಿತಿದ್ದರು.

ದವಾಖಾನೆಯಲ್ಲಿ ಅದೇ ನರ್ಸಬಾಯಿ. ಅತ್ತೆ ಕುರ್ಚಿಯ ತುದಿಯಲ್ಲಿ ಕುಳಿತು ಒಂದೊಂದೇ ಕೇಳಿದರು. ಹುಳಿ ತಿಂದರೆ ಕಿಲುಬು ಹಿಡಿಯುವುದಿಲ್ಲವೇ? ಅದಕ್ಕೆ ಕಲಾಯಿ ಮಾಡಿಸಿ ಹಾಕುತ್ತೀರೋ ಹಾಗೇ ಹಾಕುತ್ತೀರೋ? ಹುಣ್ಣಿಮೆ ಅಮಾವಾಸ್ಯೆಗೆ ತೆಗೆದು ತೊಳೆಯಬೇಕೇ? ಆ ಹುಡುಗಿಗೆ ನಗು ತಡೆಯಲಾಗಲಿಲ್ಲ. ಆದರೆ ಅದು ಪ್ರೀತಿಯ ನಗು. ನನ್ನ ಮಗಳ ಕೆನ್ನೆ ಮುಟ್ಟಿ ಸುಧಾರಿಸಿಕೊಂಡು ಹೇಳಿದಳು.

“ಎಮ್ಮಾ, ನಾವು ಉಂಡದ್ದು ಹೋಗೂ ಚೀಲ ಬ್ಯಾರೆ, ಕೂಸು ಬೆಳಿಯೂ ಚೀಲ ಬ್ಯಾರೆ. ಇದಕ್ಕೂ ಅದಕ್ಕೂ ಬಾಗಿಲಾ ಇಲ್ಲ. ಹುಳಿ ಅಲ್ಲಿಗೆ ಹೋಗೂದ ಇಲ್ಲ. ಏನು ಬೇಕಾದ್ದು ತಿನ್ನಲಿ.”

“ಮಜ್ಜಿಗಿ?”

“ಮಜ್ಜಿಗೀನೂ ಕುಡೀಲಿ. ಮತ್ತ ಈ ರಕ್ತದ ಗುಳಿಗಿ ನುಂಗೂ ಮುಂದ ಲಿಂಬಿಹಣ್ಣು ಹಿಂಡಿದ ನೀರು ಕುಡದ್ರ ಗುಳಿಗಿ ಚಲೋ ಹತ್ತತೈತ್ರಿ.”

ಅತ್ತೆ ನನ್ನ ಮುಖ ನೋಡಿದರು, ನರ್ಸಬಾಯಿಯ ಮುಖ ನೋಡಿದರು. “ಅಯ್ಯ ಶಿವನ! ಅಂದ್ರ ನಾ ಆಕಿಗೆ ಸಪ್ಪನ್ನ ಉಣಿಸಿದ್ದು ಬರೇ ಹುಚ್ಚತನ ಏನ?”

“ಹುಚ್ಚತನ ಯಾಕ್ರಿ. ಹಿಂಗ ಸೊಸಿನ್ನ ಕಾಯೂ ಅತ್ತಿನ್ನ ನಾ ಇನ್ನೂ ನೋಡಿಲ್ರಿ.”

ನರ್ಸಬಾಯಿ ನನ್ನನ್ನು ಒಳಗೆ ಕರೆದು ನೋಡಿ, ಎಲ್ಲ ಸರಿಯಿದೆ, ಕಾಪರ್ಟಿಯ ತುದಿಯ ದಾರ ಸರಿಯಾದ ಜಾಗದಲ್ಲಿದೆ ಎಂದಳು. ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ತಳ್ಳುಗಾಡಿಯವನ ಹತ್ತಿರ ಲಿಂಬೆಹಣ್ಣು ಆರಿಸಿ ಉಡಿಯಲ್ಲಿ ಕಟ್ಟಿಕೊಂಡರು. ಮಧ್ಯಾಹ್ನ ಊಟಕ್ಕೆ ಕುಳಿತಾಗ ನನಗೆ ಮೊದಲು ಮಜ್ಜಿಗೆ ಹಾಕಿದರು, ಆಮೇಲೆ ಮಗನಿಗೆ. “ನನಗ ಯಾಕ ಕಡಿಮಿ?” ಎಂದು ಗಂಡ ಕೇಳಿದರೆ, “ನೀ ಇಷ್ಟು ದಿನ ಎರಡಾಳಿಂದು ಕುಡದಿ, ಸುಮ್ಕುಂದರು” ಎಂದರು.

ಮುಟ್ಟು ಬರಬರುತ್ತ ಹದಕ್ಕೆ ಬಂತು. ಮೈ ತುಂಬಿತು. ಮಗಳು ಮನಸಾರೆ ಹಾಲು ಕುಡಿದಳು, ನಡೆದಳು, ಅಂಗನವಾಡಿಗೆ ಚೀಲ ಹಾಕಿಕೊಂಡು ಹೋದಳು. ನನ್ನ ಕಣ್ಣ ಕೆಳಗಿನ ಬಿಳುಪು ಹೋಯಿತು. ಸೋಮವಾರದ ಉಪವಾಸ ತಲೆ ತಿರುಗದೆ ಮುಗಿಯತೊಡಗಿತು. ಇವೆಲ್ಲ ಸಣ್ಣವೇ ಇರಬಹುದು. ದೇವರ ಮುಂದೆ ನಿಂತಾಗ ನಾನು ನೆನೆಯುವುದು ಇಂಥವನ್ನೇ. ದೊಡ್ಡದನ್ನು ಕೇಳುವ ಅಭ್ಯಾಸ ನನಗಿಲ್ಲ.

ಆಗಿನಿಂದಲೇ ಹೆಣ್ಣುಮಕ್ಕಳು ಹಿತ್ತಲಿಗೆ ಬರತೊಡಗಿದ್ದು. ಕುಬುಸದ ಮನೆಯ ಆ ಬಸುರಿಯೇ ಹಡೆದು ಬಂದ ಮೇಲೆ ಮೊದಲು ಬಂದವಳು. “ಅಕ್ಕಾ, ನೋಯ್ತೈತೇನ? ಗಂಡಗ ಗೊತ್ತಾಗ್ತೈತೇನ? ಕೆಲಸ ಮಾಡೂ ಮುಂದ ಬೀಳ್ತೈತೇನ?” ಗೊತ್ತಿದ್ದದ್ದು ಹೇಳಿದೆ, ಗೊತ್ತಿಲ್ಲದ್ದಕ್ಕೆ ನರ್ಸಬಾಯಿಯ ಹತ್ತಿರ ಕರೆದುಕೊಂಡು ಹೋದೆ. ಎಲ್ಲರಿಗೂ ಇದು ಒಗ್ಗುತ್ತದೆ ಎಂದು ನಾನು ಯಾರಿಗೂ ಹೇಳಿಲ್ಲ. ಒಬ್ಬಳಿಗೆ ತಾನಾಗಿಯೇ ಜಾರಿ ಬಿತ್ತು. ಇನ್ನೊಬ್ಬಳಿಗೆ ಹೊಟ್ಟೆನೋವು ನಿಲ್ಲಲಿಲ್ಲ, ತೆಗೆಸಿ ಮೂರು ತಿಂಗಳಿಗೊಮ್ಮೆ ಚುಚ್ಚುವ ಸೂಜಿ ಹಿಡಿದಳು. ಒಗ್ಗಿದವರು ಮಾತ್ರ ಹೆಚ್ಚು. ಅವರ ಮಕ್ಕಳು ನಮ್ಮ ಓಣಿಯಲ್ಲಿ ಓಡಾಡುವುದನ್ನು ನೋಡಿದರೆ ಗೊತ್ತಾಗುತ್ತದೆ, ಒಬ್ಬರ ಅಂಗಿ ಇನ್ನೊಬ್ಬರಿಗೆ ಸೇರದಷ್ಟು ಅಂತರ. ನನ್ನ ನೆಗೆಣ್ಣಿ ಮೂರನೆಯದು ಹಡೆದ ಮೇಲೆ ಬಂದಳು. ಗೋಡೆಯ ಮೇಲಿಂದಲ್ಲ, ಬಾಗಿಲಿನಿಂದ. “ನಿಮ್ಮ ಭಾವಗ ಹೇಳಬ್ಯಾಡ ಈಗ” ಎಂದಳು. “ನಾನ ಹೇಳ್ತೀನಿ ಆಮ್ಯಾಲೆ.” ಹೇಳಿದಳು ಕೂಡ. ಅದು ಅವಳ ಹೆಮ್ಮೆ, ಅದನ್ನು ನಾನು ಕಸಿದುಕೊಳ್ಳುವುದಿಲ್ಲ.

ಡಾಕ್ಟರಬಾಯಿ ಹೇಳಿದ ಮೂರು ವರ್ಷ ದಾಟಿತು. ಮಗಳು ತಂಗಿ ಬೇಕು ಎನ್ನತೊಡಗಿದ್ದಳು. ನನ್ನ ಮೈ ನನಗೆ ಗೊತ್ತಾಗುತ್ತಿತ್ತು, ಈಗ ಸೈ ಎನ್ನುತ್ತಿತ್ತು. “ತೆಗೆಸ್ತೀನ್ರಿ ಅತ್ತಿ” ಎಂದೆ.

ಅತ್ತೆ ಕುರಿಯ ಕಾಲು ನೋಡುತ್ತಿದ್ದವರು ತಲೆಯೆತ್ತಿದರು. “ಏನವಸರ? ಮೊದಲು ಡಾಕ್ಟರಬಾಯಿಗೆ ತೋರಿಸು, ಮೈಯಾಗ ರಕ್ತ ಸೈ ಐತಿ ಅಂದ್ರ ತೆಗೆಸು” ಎಂದರು. ಹಾಗೇ ತೋರಿಸಿ ತೆಗೆಸಿದೆ; ತಾಮ್ರ ಹೋಯಿತು, ಓಣಿಯಲ್ಲಿ ಹೆಸರು ಮಾತ್ರ ಉಳಿಯಿತು.